ರಟ್ಟಮ್ಮನ ಮದ್ದಿನವಳು

ನನ್ನ ಮಗಳೂ ತಮ್ಮನ ಮಗನೂ ಒಂದೇ ಸೋಫಾದ ಎರಡು ತುದಿಗೆ ಕೂತು, ಒಂದೊಂದು ಫೋನು ಹಿಡಿದು, ಒಂದೇ ಆಟ ಆಡುತ್ತಾರೆ. ಆಟಕ್ಕಿಂತ ಜಗಳವೇ ಜಾಸ್ತಿ. ಯೋಧ ಮೇಲೋ ಮಾಂತ್ರಿಕ ಮೇಲೋ, ಬಿಲ್ಲುಗಾರ್ತಿಯ ಬಾಣ ಎಷ್ಟು ದೂರ ಹೋಗುತ್ತೆ, ಗಾಯ ವಾಸಿಮಾಡುವವಳನ್ನು ತಂಡಕ್ಕೆ ಸೇರಿಸಿಕೊಂಡರೆ ಲಾಭವೋ ದಂಡವೋ, ಇದೇ ಬೆಳಿಗ್ಗೆಯಿಂದ ಸಂಜೆಯವರೆಗೂ. ಮೊನ್ನೆ ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದುಹೋಯಿತು.

“ಸಾಕು ನಿಲ್ಲಿಸ್ರೋ! ಈ ಪಂಚಾಯ್ತಿ ನೀವು ಹುಟ್ಟೋಕೆ ಮುಂಚೆನೇ ನಮ್ಮನೇಲಿ ತೀರ್ಮಾನ ಆಗಿದೆ,” ಎಂದೆ.

“ನಿಮ್ಮ ಕಾಲದಲ್ಲಿ ಫೋನೇ ಇರ್ಲಿಲ್ವಲ್ಲಮ್ಮ,” ಎಂದಳು ಮಗಳು, ಕಣ್ಣು ಮೇಲೆತ್ತದೆ.

“ಫೋನಿರ್ಲಿಲ್ಲ. ರಟ್ಟಮ್ಮ ಇದ್ದಳು.”

ರಟ್ಟಮ್ಮ ಎಂದರೆ ನಮ್ಮ ದೊಡ್ಡಮ್ಮ, ಅಮ್ಮನ ಅಕ್ಕ. ನಮ್ಮ ಜೊತೆಯಲ್ಲೇ ಇದ್ದು, ಬೀದಿಯ ಕೊನೆಯ ಬೈಂಡಿಂಗ್ ಅಂಗಡಿಯಲ್ಲಿ ಪುಸ್ತಕ ಹೊಲಿಯುತ್ತಿದ್ದಳು. ಸಂಜೆ ಮನೆಗೆ ಬರುವಾಗ ಚೀಲದಲ್ಲಿ ರಟ್ಟಿನ ಚೂರುಗಳು ಇದ್ದೇ ಇರುತ್ತಿದ್ದವು. ಗಾಳಿ ನುಗ್ಗುವ ಕಿಟಕಿಯ ಸಂದಿಗೆ ರಟ್ಟು, ಅಲ್ಲಾಡುವ ಮೇಜಿನ ಕಾಲಿಗೆ ರಟ್ಟು, ಸೆಖೆಯಾದರೆ ಬೀಸಿಕೊಳ್ಳಲೂ ರಟ್ಟು. ಬೀದಿಯವರು ಇಟ್ಟ ಹೆಸರು ಅದು. ಅವಳಿಗೇನೂ ಬೇಜಾರಿರಲಿಲ್ಲ. “ಗಟ್ಟಿ ಹೆಸರು. ನೀರಲ್ಲಿ ನೆನೆಸಬೇಡಿ, ಅಷ್ಟೇ,” ಎನ್ನುತ್ತಿದ್ದಳು. ಹೆಸರು ರಟ್ಟಮ್ಮ ಆದರೂ ಅವಳ ಕಿವಿಗೆ ಹಾಕಿದ ಗುಟ್ಟು ಒಂದೂ ರಟ್ಟಾದದ್ದಿಲ್ಲ. ನಾನು ಶಾಲೆಯಲ್ಲಿ ಮಾಡಿಕೊಂಡ ಜಗಳಗಳಲ್ಲಿ ಅರ್ಧ ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ.

ಅವಳು ಮದುವೆ ಮಾಡಿಕೊಂಡಿರಲಿಲ್ಲ. ಯಾಕೆ ಎಂದು ಯಾರಾದರೂ ಮೂಗು ತೂರಿಸಿದರೆ, “ಊರಿನ ಪುಸ್ತಕಕ್ಕೆಲ್ಲ ಹೊದಿಕೆ ಹಾಕೋದ್ರಲ್ಲಿ ಮರೆತೇ ಹೋಯ್ತು ನೋಡಿ,” ಎಂದು ನಕ್ಕುಬಿಡುತ್ತಿದ್ದಳು. ಹುಡುಗಿಯಾಗಿದ್ದಾಗಲೇ ಆ ಅಂಗಡಿಗೆ ಸೇರಿದವಳು. ಮೊದಲು ಹಾಳೆ ಮಡಿಸುವ ಕೆಲಸ, ಆಮೇಲೆ ಹೊಲಿಗೆ. ಕಿಟಕಿಯ ಪಕ್ಕ ಅವಳದೊಂದು ಸ್ಟೂಲು. ಮುಂದೆ ಹೊಲಿಗೆಯ ಮರದ ಚೌಕಟ್ಟು, ಎಡಗಡೆ ಮಡಿಸಿದ ಹಾಳೆಗಳ ಕಟ್ಟು, ಕಾಲ ಹತ್ತಿರ ಮೈದಾ ಅಂಟಿನ ಡಬ್ಬ. ನಾನು ಶಾಲೆಯಿಂದ ಬರುತ್ತಾ ಆ ಕಿಟಕಿಗೆ ಮುಖ ಒತ್ತಿ ನಿಲ್ಲುತ್ತಿದ್ದೆ. ಸೂಜಿ ಒಳಗೆ ಹೋಗುವುದು ಕಾಣುತ್ತಿತ್ತು, ಹೊರಗೆ ಬರುವುದು ಕಾಣುತ್ತಿತ್ತು, ನಡುವೆ ಬೆರಳು ಏನು ಮಾಡಿತು ಎಂಬುದು ಮಾತ್ರ ಕಾಣುತ್ತಿರಲಿಲ್ಲ. ಅಷ್ಟು ಚುರುಕು.

ಆ ಕೈಗೇ ಏಟು ಬಿತ್ತು. ಹಾಳೆ ಕತ್ತರಿಸುವ ಯಂತ್ರದಲ್ಲಿ ಕಟ್ಟು ಅಲುಗದಂತೆ ಮೇಲಿಂದ ಒತ್ತಿ ಹಿಡಿಯುವ ಒಂದು ಕಬ್ಬಿಣದ ಪಟ್ಟಿ ಇರುತ್ತದೆ. ಓರೆಯಾಗಿದ್ದ ಕಟ್ಟನ್ನು ಸರಿಪಡಿಸಲು ಕೈ ಹಾಕಿದಳು, ಪಟ್ಟಿ ಇಳಿಯಿತು. ಪುಣ್ಯಕ್ಕೆ ಅಲಗು ಇಳಿಯಲಿಲ್ಲ. ಬಲಗೈ ಹೆಬ್ಬೆರಳೂ ತೋರುಬೆರಳೂ ಮುರಿದವು. ಪ್ಲಾಸ್ಟರ್ ಹಾಕಿಸಿಕೊಂಡು ಬಂದವಳು ಅಷ್ಟು ನೋವಿನಲ್ಲೂ, “ಜೀವನದಲ್ಲಿ ಯಾರು ಯಾರೋ ಕೈಕೊಡ್ತಾರೆ ಅಂತ ಕೇಳಿದ್ದೆ. ನನಗೆ ನನ್ನ ಕೈಯೇ ಕೈಕೊಡ್ತಲ್ಲೇ,” ಎಂದಳು. ನಾವೆಲ್ಲ ನಕ್ಕೆವು. ಅಮ್ಮ ಅಡುಗೆಮನೆಗೆ ಹೋಗಿ ಅತ್ತಳು.

ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ನಮಗೆ ಬೇಸಿಗೆ ರಜೆ. ಬೆರಳುಗಳು ಮಡಚುತ್ತಲೇ ಇರಲಿಲ್ಲ. ದಿನಾ ಬೆರಳು ಆಡಿಸಬೇಕು, ಗುಂಡಿ, ಮಣಿ, ಏನಾದರೂ ಸಣ್ಣ ವಸ್ತುಗಳನ್ನು ಎತ್ತಿ ಎತ್ತಿ ಇಡಬೇಕು, ಇಲ್ಲದಿದ್ದರೆ ಹಾಗೇ ಮರಗಟ್ಟಿಹೋಗುತ್ತವೆ ಎಂದು ಡಾಕ್ಟರು ಹೇಳಿದ್ದರು. ಅಂಗಡಿಯ ಯಜಮಾನರೂ ಒಂದು ಸಂಜೆ ಹಣ್ಣು ಹಿಡಿದುಕೊಂಡು ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದರು. ನಮ್ಮದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ. ಕೆಳಗೆ ಯಾರೋ ಟಯರಿಗೆ ಗಾಳಿ ಹೊಡೆಯುತ್ತಿದ್ದರು.

“ನಿಮ್ಮ ಸ್ಟೂಲು ಹಾಗೇ ಇದೆ ಅಮ್ಮ. ರಜೆ ಮುಗಿಯೋ ಹೊತ್ತಿಗೆ ಶಾಲೆ ಪುಸ್ತಕದ ಕೆಲಸ ರಾಶಿ ಬೀಳುತ್ತೆ, ನಿಮಗೇ ಗೊತ್ತು. ಅಷ್ಟರಲ್ಲಿ ಬಂದು ಒಂದು ಪುಸ್ತಕ ಹೊಲಿದು ತೋರಿಸಿ, ಸಾಕು. ಆಗಲಿಲ್ಲ ಅಂದ್ರೆ…” ಎಂದು ಅವರು ಚಾಪೆಯ ಅಂಚನ್ನೇ ನೋಡಿದರು. “ನಾನು ಬೇರೆಯವರನ್ನ ನೋಡಬೇಕಾಗುತ್ತೆ.”

“ನೋಡದೇ ಇನ್ನೇನು ಮಾಡ್ತೀರಿ,” ಎಂದಳು ದೊಡ್ಡಮ್ಮ.

ಕೋಪ ಮಾಡಿಕೊಳ್ಳುವಂಥ ಮನುಷ್ಯನೂ ಅಲ್ಲ ಅವರು. ಇಂಥ ವೇಳೆಯಲ್ಲಿ ಬೈಯಲು ಯಾರೂ ಸಿಗದಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ, ಈಗಲೂ.

ಅಮ್ಮ ಒಂದು ತಟ್ಟೆಯ ತುಂಬ ಅಂಗಿ ಗುಂಡಿ ಹಾಕಿ ಅವಳ ಮುಂದಿಟ್ಟಳು. ದೊಡ್ಡಮ್ಮ ಅದನ್ನು ಎಡಗೈಯಿಂದ ಆಚೆ ತಳ್ಳಿದಳು. ಮರುದಿನವೂ ತಳ್ಳಿದಳು. ಅಮ್ಮ ರೇಗಿದಳು: “ಊರಿಗೆಲ್ಲ ಬುದ್ಧಿ ಹೇಳ್ತೀಯ, ನಿನ್ನ ಕೈ ನೀನು ನೋಡಿಕೊಳ್ಳೋಕಾಗಲ್ವಾ? ನೋವಿಗೆ ಇಷ್ಟು ಹೆದರಿದ್ರೆ ಹೇಗೆ?”

“ನೋವಿಗಲ್ಲ ಕಣೇ,” ಎಂದಳು ದೊಡ್ಡಮ್ಮ, ತುಂಬಾ ಮೆಲ್ಲಗೆ. “ಎತ್ತೋಕೆ ಹೋಗಿ ಆಗಲಿಲ್ಲ ಅಂದ್ರೆ, ಆಗಲ್ಲ ಅನ್ನೋದು ಗೊತ್ತಾಗಿಬಿಡುತ್ತೆ. ಈಗ ಗೊತ್ತಿಲ್ಲ. ಗೊತ್ತಿಲ್ಲದೇ ಇರೋದೇ ವಾಸಿ.”

ಅಮ್ಮ ತಟ್ಟೆಯನ್ನು ಗೋಡೆಯ ಪಕ್ಕಕ್ಕೆ ಸರಿಸಿದಳು. ಬಾಗಿಲ ಹತ್ತಿರ ಕೂತು ರಜೆಯ ಹೋಂವರ್ಕ್ ಬರೆಯುತ್ತಿದ್ದ ನಾನೂ ತಮ್ಮನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ತಮ್ಮನನ್ನು ಮನೆಯಲ್ಲಿ ಗುಬ್ಬಿ ಎನ್ನುತ್ತಿದ್ದರು. ಆ ರಜೆಯಲ್ಲಿ ಗುಬ್ಬಿಗೆ ಒಂದು ಹುಚ್ಚು ಹತ್ತಿತ್ತು. ಅವನ ಗೆಳೆಯನ ಮನೆಗೆ ಕಂಪ್ಯೂಟರ್ ಬಂದಿತ್ತು, ಅದರಲ್ಲೊಂದು ಮಾಯಾಲೋಕದ ಆಟ. ಆ ಗೆಳೆಯ ಮಹಾಶಯ ಇವನಿಗೆ ಕೀಲಿಮಣೆ ಮುಟ್ಟಲೂ ಬಿಡುತ್ತಿರಲಿಲ್ಲ. ಇವನು ಹಿಂದೆ ನಿಂತು ನೋಡಿ ಬಂದು, ಇಡೀ ಆಟವನ್ನು ಮನೆಯಲ್ಲಿ ಬಾಯಲ್ಲೇ ಆಡುತ್ತಿದ್ದ. ಕತ್ತಿಯವನು ಹೀಗೆ ಹೊಡೆದ, ಮಾಂತ್ರಿಕ ಹಾಗೆ ಸುಟ್ಟ, ಘಟಸರ್ಪ ಬುಸ್ ಅಂದಿತು! ಕೇಳುವವರು ಯಾರೂ ಇರಲಿಲ್ಲ, ಸುಮ್ಮನೆ ಕೂತಿದ್ದ ದೊಡ್ಡಮ್ಮನ ಹೊರತು.

“ಮಾಂತ್ರಿಕ ಎಲ್ಲರನ್ನೂ ಸುಡ್ತಾನೆ ಅಂದ್ರೆ ಉಳಿದವರು ಯಾಕೋ ಬೇಕು?” ಎಂದು ಒಂದು ದಿನ ಅವಳು ಕೇಳಿದಳು.

“ಮಂತ್ರ ಮುಗಿದುಹೋಗುತ್ತೆ ದೊಡ್ಡಮ್ಮ! ಮತ್ತೆ ತುಂಬೋ ತನಕ ಅವನು ಬರೀ ಗಡ್ಡದ ಮುದುಕ!”

“ಓಹೋ. ಅಂದ್ರೆ ಈ ಆಟನ ಯಾರೋ ಲೆಕ್ಕ ಹಾಕಿ ಹೊಲಿದಿದ್ದಾರೆ,” ಎಂದು ಅವಳು ನೆಟ್ಟಗೆ ಕೂತಳು. “ಹೊಲಿಗೆ ಬಿಗಿಯಾದ್ರೆ ಪುಸ್ತಕ ತೆರೆಯಲ್ಲ, ಸಡಿಲ ಆದ್ರೆ ಹಾಳೆ ಉದುರುತ್ತೆ. ಆ ರಟ್ಟಿನ ಗಂಟು ತಗೊಂಬಾ.”

ಹೀಗೆ ನಮ್ಮ ಆಟ ಹುಟ್ಟಿತು. ಅವಳು ಹೇಳಿದಳು, ನಾನು ಕತ್ತರಿಸಿದೆ, ಗುಬ್ಬಿ ಅಂಟು ಮೆತ್ತಿದ. ಅರ್ಧ ಅಂಟು ಅವನ ಕೂದಲಿಗೆ. ದೊಡ್ಡ ರಟ್ಟಿನ ಮೇಲೆ ಕಾಡು, ಸೇತುವೆ, ಕೋಟೆ, ಕೋಟೆಯ ಬಾಗಿಲಲ್ಲಿ ಘಟಸರ್ಪ. ಆಡುವವರಿಗೆ ಎದ್ದು ನಿಲ್ಲುವಂಥ ಪುಟ್ಟ ರಟ್ಟಿನ ಕಾಯಿಗಳು. ಒಬ್ಬೊಬ್ಬರಿಗೂ ಒಂದು ಚೀಟಿ. ಅದರಲ್ಲಿ ಅವರವರ ಶಕ್ತಿ ಏನು, ಆ ಶಕ್ತಿಗೆ ಕಟ್ಟಿದ ಮೂಗುದಾರ ಏನು ಎಂದು ದೊಡ್ಡಮ್ಮ ಎಡಗೈಯಲ್ಲಿ ಸೊಟ್ಟಸೊಟ್ಟಗೆ ಬರೆದಳು.

ಕತ್ತಿಯವನು ಒಂದೇ ಸರದಿಯಲ್ಲಿ ಎರಡು ಏಟು ಹಾಕಬಹುದು, ಆದರೆ ಹಿಂದೆ ಹೆಜ್ಜೆ ಇಡುವಂತಿಲ್ಲ. ಗುರಾಣಿಯವಳು ಪಕ್ಕದವರ ಏಟನ್ನು ತಾನು ತಿನ್ನಬಹುದು, ಆದರೆ ನಡಿಗೆ ಬಸವನಹುಳುವಿನದು. ಬಿಲ್ಲಿನವಳು ದೂರದಿಂದ ಹೊಡೆಯುತ್ತಾಳೆ, ಶತ್ರು ಹತ್ತಿರ ಬಂದರೆ ಓಡಬೇಕು. ಮಾಂತ್ರಿಕನ ಕಥೆ ಆಗಲೇ ಹೇಳಿದೆ. ಕಳ್ಳ ಯಾರ ಜೋಳಿಗೆಗೆ ಬೇಕಾದರೂ ಕೈ ಹಾಕಿ ಒಂದು ವಸ್ತು ಎತ್ತಬಹುದು, ಏಟು ಬಿದ್ದರೆ ಮಾತ್ರ ಒಂದೇ ಏಟಿಗೆ ಮಟಾಷ್. ನಾನು ಕತ್ತಿಯವನು, ಅದರಲ್ಲಿ ಎರಡು ಮಾತಿಲ್ಲ. ಗುಬ್ಬಿ ಕಳ್ಳ. ಅಮ್ಮ ತರಕಾರಿ ಹೆಚ್ಚುತ್ತಾ ಕೂತಲ್ಲೇ ಗುರಾಣಿಯವಳು. ಯಾರೂ ಮುಟ್ಟದೆ ಉಳಿದ ಚೀಟಿಗಳಲ್ಲಿ ಒಂದನ್ನು ದೊಡ್ಡಮ್ಮ ತನಗಿಟ್ಟುಕೊಂಡಳು. ಅದರಲ್ಲಿ ಇದ್ದದ್ದು ಇಷ್ಟು: “ಮದ್ದಿನವಳು. ಜೋಳಿಗೆಯಲ್ಲಿ ಮದ್ದು ಇರುತ್ತದೆ. ಆಟಕ್ಕೆ ಒಂದೇ ಸಲ. ತನ್ನ ಮೇಲೆ ತಾನು ಬಳಸುವಂತಿಲ್ಲ.”

ಗುಬ್ಬಿ ಓದಿದವನೇ ಮುಖ ಸಪ್ಪಗೆ ಮಾಡಿಕೊಂಡ. “ಇದು ಅನ್ಯಾಯ ದೊಡ್ಡಮ್ಮ. ತನಗೆ ತಾನು ಯಾಕೆ ಬಳಸಬಾರದು?”

“ಪೆದ್ದೇ! ಯಾರಾದ್ರೂ ತಮ್ಮ ಮೇಲೆ ತಾವೇ ಮದ್ದು ಸಿಡಿಸ್ಕೋತಾರೇನೋ?” ಎಂದೆ ನಾನು.

“ಸಿಡಿಸೋದಾ? ಮದ್ದು ಕುಡಿಸೋದು ಕಣೇ!”

ಆಗ ಹೊತ್ತಿಕೊಂಡಿತು ಜಗಳ. ನನ್ನ ಪ್ರಕಾರ ಮದ್ದು ಎಂದರೆ ಮದ್ದುಗುಂಡು: ಬತ್ತಿ ಹಚ್ಚು, ಎಸೆ, ಢಂ! ಗುಬ್ಬಿಯ ಪ್ರಕಾರ ಔಷಧಿ: ಬಿದ್ದವರ ಬಾಯಿಗೆ ಹಾಕು, ಎದ್ದು ಕೂರುತ್ತಾರೆ. ನನ್ನನ್ನು ದೊಡ್ಡಮ್ಮ ಕರೆಯುತ್ತಿದ್ದುದೇ ಪಟಾಕಿ ಎಂದು. ನನಗೆ ಬೇರೆ ಅರ್ಥ ಹೊಳೆಯುವುದಾದರೂ ಹೇಗೆ? ಇಬ್ಬರೂ ನ್ಯಾಯಕ್ಕೆ ಅವಳ ಹತ್ತಿರ ಹೋದೆವು. ಆಟ ಮಾಡಿದವಳು ಅವಳು, ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಹೇಳಿದಳೇ? “ಬರೆದದ್ದು ನಾನು, ಓದೋರು ನೀವು. ಆ ಹೊತ್ತಿಗೆ ಆಟದಲ್ಲಿರೋರೆಲ್ಲ ಒಪ್ಪಿದ್ದೇ ಅರ್ಥ,” ಎಂದು ಕಣ್ಣು ಮಿಟುಕಿಸಿದಳು. ನಾನು ಒಪ್ಪುತ್ತಿರಲಿಲ್ಲ, ಅವನು ಒಪ್ಪುತ್ತಿರಲಿಲ್ಲ. ಹೀಗಾಗಿ ಮದ್ದು ಜೋಳಿಗೆಯಲ್ಲೇ ಉಳಿಯುತ್ತಿತ್ತು, ನಾವು ಘಟಸರ್ಪದ ಮುಂದೆ ಸಾಯುತ್ತಿದ್ದೆವು. ಎಷ್ಟು ಆಟ ಸೋತೆವೋ ದೇವರಿಗೇ ಗೊತ್ತು.

ಯಾರು ಮೇಲು ಎನ್ನುವ ಚರ್ಚೆಯಂತೂ ಊಟಕ್ಕೆ ಕೂತಾಗಲೂ ಬಿಡುತ್ತಿರಲಿಲ್ಲ. ಕತ್ತಿಯವನಿಲ್ಲದೆ ಕೋಟೆ ಬಿದ್ದೀತೇ ಎಂದು ನಾನು. ಬೀಗ ತೆಗೆಯುವವನು ಯಾರು ಎಂದು ಗುಬ್ಬಿ. “ನಿಮ್ಮಿಬ್ಬರ ಏಟನ್ನೂ ತಿಂದು, ಆಮೇಲೆ ಪಾತ್ರೆನೂ ತೊಳೆಯೋಳು ನಾನು. ನಾನೇ ಮೇಲು,” ಎಂದು ಅಮ್ಮ. ದೊಡ್ಡಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆ ನಗು ಈಗಲೂ ನನ್ನ ಕಿವಿಯಲ್ಲಿದೆ. ಕೆಳಗಡೆಯ ಸೈಕಲ್ ಬೆಲ್ಲು, ಮೈದಾ ಅಂಟಿನ ವಾಸನೆ, ನೆಲದ ತುಂಬ ರಟ್ಟಿನ ಚೂರು. ನನ್ನ ಬಾಲ್ಯ ಎಂದರೆ ನನಗೆ ಅದೊಂದೇ ಕೋಣೆ.

ಆದರೆ ಅವಳು ಕಾಯಿ ನಡೆಸುತ್ತಿದ್ದುದು ಎಡಗೈಯಲ್ಲೇ. ಬಲಗೈ ಮಡಿಲಲ್ಲಿ ಸೆರಗಿನ ಕೆಳಗೆ. ಗುಬ್ಬಿ ಒಂದು ಉಪಾಯ ಹೂಡಿದ. “ಎಡಗೈಲಿ ಆಡಿದ್ರೆ ಎಡವಟ್ಟು! ಎಲ್ಲರೂ ಬಲಗೈಲೇ ಕಾಯಿ ಎತ್ತಬೇಕು ಅಂತ ಹೊಸ ನಿಯಮ ಮಾಡೋಣ,” ಎಂದ. ದೊಡ್ಡಮ್ಮನಿಗೆ ಅವನ ಹುನ್ನಾರ ತಿಳಿಯದೇ ಇರುತ್ತದೆಯೇ? “ಸರಿ. ಹಾಗಾದ್ರೆ ನನ್ನ ಕಾಯಿ ನೀನೇ ನಡೆಸು, ನಾನು ಬಾಯಲ್ಲಿ ಹೇಳ್ತೀನಿ,” ಎಂದುಬಿಟ್ಟಳು. ಉಪಾಯ ಮಣ್ಣುಪಾಲು. ರಜೆ ಕರಗುತ್ತಾ ಬಂತು. ಗುಂಡಿಯ ತಟ್ಟೆಯ ಮೇಲೆ ಧೂಳು ಕೂತಿತ್ತು. ನನಗೆ ಹೆದರಿಕೆ ಶುರುವಾಯಿತು. ದೊಡ್ಡಮ್ಮ ಇಲ್ಲದ ಆ ಕಿಟಕಿಯನ್ನು, ಆ ಸ್ಟೂಲಿನ ಮೇಲೆ ಬೇರೆ ಯಾರನ್ನೋ ಹೇಗೆ ನೋಡುವುದು?

ರಜೆ ಮುಗಿಯುವ ವಾರ ಒಂದು ಮಧ್ಯಾಹ್ನ ನಮ್ಮ ಆಟ ಎಂದೂ ಇಲ್ಲದಷ್ಟು ಚೆನ್ನಾಗಿ ಸಾಗಿತ್ತು. ಘಟಸರ್ಪಕ್ಕೆ ಇನ್ನು ಒಂದೆರಡು ಏಟು ಬಿದ್ದರೆ ಸಾಕು. ಅಷ್ಟರಲ್ಲಿ ಅದರ ಸರದಿಯ ದಾಳ ಕೆಟ್ಟದಾಗಿ ಬಿತ್ತು, ಬಾಲ ಬೀಸಿತು, ಮದ್ದಿನವಳು ಬಿದ್ದಳು. ಬಿದ್ದವರ ಕಾಯಿಯನ್ನು ಮಲಗಿಸಬೇಕು. ಗುಬ್ಬಿ ಅದನ್ನು ಮೆಲ್ಲಗೆ ಮಲಗಿಸಿದ.

“ನನ್ನ ಕಥೆ ಮುಗೀತು,” ಎಂದಳು ದೊಡ್ಡಮ್ಮ. “ಮದ್ದು ನನ್ನ ಹತ್ತಿರನೇ ಇದೆ, ಆದ್ರೆ ನನಗೆ ನಾನು ಹಾಕ್ಕೊಳ್ಳೋ ಹಾಗಿಲ್ಲ. ನೀವು ಮುಂದುವರಿಸಿ.”

ಹೇಳಿದ ರೀತಿ ಆಟದ್ದಾಗಿರಲಿಲ್ಲ. ತರಕಾರಿ ಹೆಚ್ಚುತ್ತಿದ್ದ ಅಮ್ಮನ ಕೈ ನಿಂತಿತು.

ಆಗ ಗುಬ್ಬಿ ಎದ್ದು ಮಂಡಿಯ ಮೇಲೆ ಕೂತ. “ನನ್ನ ಸರದಿ,” ಎಂದ. “ಕಳ್ಳ ಯಾರ ಜೋಳಿಗೆಗೆ ಬೇಕಾದ್ರೂ ಕೈ ಹಾಕಬಹುದು ತಾನೇ? ನಾನು ದೊಡ್ಡಮ್ಮನ ಜೋಳಿಗೆಯಿಂದ ಮದ್ದು ಕದ್ದೆ. ಕದ್ದು ದೊಡ್ಡಮ್ಮನಿಗೇ ಹಾಕಿದೆ.”

ದೊಡ್ಡಮ್ಮ ತಾನೇ ಬರೆದ ಚೀಟಿಯನ್ನು ಎಡಗೈಯಲ್ಲಿ ಎತ್ತಿ ಮತ್ತೊಮ್ಮೆ ಓದಿದಳು. ತನ್ನ ಮೇಲೆ ತಾನು ಬಳಸುವಂತಿಲ್ಲ. ಬೇರೆಯವರು ಬಳಸುವಂತಿಲ್ಲ ಎಂದು ಎಲ್ಲೂ ಇರಲಿಲ್ಲ.

“ಮದ್ದು ಅಂದ್ರೆ ಏನು ಅಂತ ಎಲ್ಲರೂ ಒಪ್ಪಬೇಕು,” ಎಂದು ಅವಳು ನನ್ನ ಕಡೆ ತಿರುಗಿದಳು. ತಪ್ಪಿಸಿಕೊಳ್ಳಲು ಅವಳಿಗೆ ಉಳಿದಿದ್ದ ದಾರಿ ನಾನೊಬ್ಬಳೇ. “ಪಟಾಕಿ ಏನಂತಾಳೆ? ಮದ್ದುಗುಂಡು ಆದ್ರೆ ನಾನು ಚಿಂದಿ ಚಿಂದಿ.”

ಆ ರಜೆ ಪೂರ್ತಿ ಗಂಟಲು ಹರಿದುಕೊಂಡು ವಾದಿಸಿದ್ದವಳು ನಾನು. ಸೋಲು ಒಪ್ಪುವುದು ನನ್ನ ಜಾಯಮಾನದಲ್ಲೇ ಇಲ್ಲ, ನನ್ನ ಗಂಡನನ್ನು ಕೇಳಿ ನೋಡಿ. ಆದರೆ ಅವತ್ತು ದೊಡ್ಡಮ್ಮನ ಮುಖ ನೋಡಿದೆ.

“ಔಷಧಿ,” ಎಂದೆ. “ಮದ್ದು ಅಂದ್ರೆ ಔಷಧಿ. ಏಳು ದೊಡ್ಡಮ್ಮ.”

“ಔಷಧಿನೇ,” ಎಂದಳು ಅಮ್ಮ.

“ಎದ್ದವರು ತಮ್ಮ ಕಾಯಿ ತಾವೇ ನಿಲ್ಲಿಸಬೇಕು. ಬಲಗೈಲಿ,” ಎಂದ ಗುಬ್ಬಿ. ಕಳ್ಳನ ಧೈರ್ಯವೆಲ್ಲ ಅಷ್ಟರಲ್ಲೇ ಖರ್ಚಾಗಿತ್ತು.

ದೊಡ್ಡಮ್ಮ ಸೆರಗಿನ ಕೆಳಗಿಂದ ಬಲಗೈ ತೆಗೆದಳು. ಹೆಬ್ಬೆರಳು, ತೋರುಬೆರಳು ಕಾಯಿಯ ಹತ್ತಿರ ಹೋದವು. ರಟ್ಟು ಜಾರಿತು. ಮತ್ತೆ ಹೋದವು, ಮತ್ತೆ ಜಾರಿತು. ಅವಳ ಹಣೆ ಬೆವರಿತು. ಆಮೇಲೆ ಅವಳು ಸ್ವಲ್ಪ ಹೊತ್ತು ಆ ಕೈಯನ್ನೇ ನೋಡಿದಳು, ಬೇರೆ ಯಾರದೋ ಕೈ ಎಂಬಂತೆ. ಆ ಎರಡು ಬೆರಳನ್ನು ಬಿಟ್ಟು, ನಡುಬೆರಳೂ ಉಂಗುರದ ಬೆರಳೂ ಸೇರಿಸಿ, ಕತ್ತರಿಯಂತೆ ಕಾಯಿಯನ್ನು ಹಿಡಿದಳು. ಮದ್ದಿನವಳು ಎದ್ದು ನಿಂತಳು, ಒಂದು ಕಡೆ ವಾಲಿಕೊಂಡು.

ಗುಬ್ಬಿ ಕಿರುಚಿದ್ದಕ್ಕೆ ಕೆಳಗಿನ ಸೈಕಲ್ ಅಂಗಡಿಯವನು ಏನಾಯಿತೋ ಎಂದು ಮೇಲೆ ಓಡಿಬಂದ. ಅಮ್ಮ ಅವನಿಗೆ ಚಹಾ ಕೊಟ್ಟು ಕಳಿಸಿದಳು. ಘಟಸರ್ಪ ಸತ್ತಿತೋ ಇಲ್ಲವೋ ನೆನಪಿಲ್ಲ. ಆ ಸಂಜೆ ದೊಡ್ಡಮ್ಮ ಗುಂಡಿಯ ತಟ್ಟೆಯನ್ನು ತಾನೇ ಹತ್ತಿರ ಎಳೆದುಕೊಂಡಳು.

ಕೆಲವು ದಿನ ಬಿಟ್ಟು ಬೈಂಡಿಂಗ್ ಅಂಗಡಿಗೆ ಹೊರಟಾಗ ನಮ್ಮಿಬ್ಬರನ್ನೂ ಕರೆದುಕೊಂಡು ಹೋದಳು. ಸ್ಟೂಲು ಕಿಟಕಿಯ ಪಕ್ಕದಲ್ಲೇ ಇತ್ತು. ಯಜಮಾನರು ಮಡಿಸಿದ ಹಾಳೆಗಳ ಸಣ್ಣ ಕಟ್ಟೊಂದನ್ನು ತಂದಿಟ್ಟು ಪಕ್ಕಕ್ಕೆ ನಿಂತರು. ದಾರ ಪೋಣಿಸಿದ್ದಾಯಿತು. ಚೌಕಟ್ಟಿಗೆ ಮೊದಲ ಹಾಳೆ ಇಟ್ಟಿದ್ದಾಯಿತು. ಸೂಜಿ ಒಳಗೆ ಹೋಯಿತು, ಹೊರಗೆ ಬರುವಾಗ ಕೈತಪ್ಪಿ ನೆಲಕ್ಕೆ ಬಿತ್ತು. ನಾನು ಎತ್ತಿಕೊಡಲು ಬಗ್ಗಿದೆ.

“ಮುಟ್ಟಬೇಡ ಪಟಾಕಿ,” ಎಂದಳು ದೊಡ್ಡಮ್ಮ. “ನಿಮ್ಮ ಸರದಿ ಆಗಿಹೋಯ್ತು. ಇದು ನಂದು.”

ಬಗ್ಗಿ, ನಡುಬೆರಳು ಉಂಗುರಬೆರಳಲ್ಲಿ ಸೂಜಿ ಎತ್ತಿದಳು. ಹೊಲಿದಳು. ಈಗ ಬೆರಳು ಏನು ಮಾಡುತ್ತದೆ ಎಂಬುದು ನನಗೆ ಪೂರ್ತಿ ಕಾಣುತ್ತಿತ್ತು, ಅಷ್ಟು ನಿಧಾನ. ಕೊನೆಗೆ ಗಂಟು ಹಾಕಿ ಯಜಮಾನರ ಕೈಗಿಟ್ಟಳು. ಅವರು ಪುಸ್ತಕ ತೆರೆದರು, ಮುಚ್ಚಿದರು, ಬೆನ್ನಿನ ಮೇಲೆ ಹೆಬ್ಬೆರಳು ಎಳೆದರು.

“ನಿಧಾನ ಆಯ್ತಲ್ಲಮ್ಮ,” ಎಂದರು.

“ಮಕ್ಕಳು ಓದೋದು ಇನ್ನೂ ನಿಧಾನ ಯಜಮಾನ್ರೇ. ಬೇಕಾದ್ರೆ ಈ ಎರಡನ್ನ ಕೇಳಿ.”

ಅವರು ನಕ್ಕುಬಿಟ್ಟರು. ಆಮೇಲೆ ತಾವೇ ಹೋಗಿ ಅಂಟಿನ ಡಬ್ಬ ತಂದು ಅವಳ ಕಾಲ ಹತ್ತಿರ ಇಟ್ಟರು. ತಲೆ ನರೆತು, ಕಣ್ಣು ಮಂಜಾಗಿ, ತಾನೇ ಸಾಕು ಎನ್ನುವವರೆಗೂ ದೊಡ್ಡಮ್ಮ ಆ ಸ್ಟೂಲು ಬಿಡಲಿಲ್ಲ. ಹಳೆಯ ಚುರುಕು ಮಾತ್ರ ಮರಳಿ ಬರಲಿಲ್ಲ. ಅವಳು ಹೋಗಿ ಈಗ ಕೆಲವು ವರ್ಷಗಳಾದವು.

ಇಷ್ಟನ್ನೂ ಹೇಳಿ ಮುಗಿಸಿ, ಬೀರುವಿನ ಮೇಲಿಂದ ಆ ಹಳೆಯ ರಟ್ಟಿನ ಆಟದ ಡಬ್ಬಿ ಇಳಿಸಿ ಮಕ್ಕಳ ಮುಂದೆ ಹರಡಿದೆ. ತಮ್ಮನ ಮಗ ಮದ್ದಿನವಳ ಚೀಟಿ ಓದಿ, ಥೇಟ್ ಅವನಪ್ಪನ ಹಾಗೆಯೇ ಮುಖ ಸಪ್ಪಗೆ ಮಾಡಿದ. “ಅತ್ತೆ, ತನಗೆ ತಾನೇ ವಾಸಿ ಮಾಡ್ಕೊಳ್ಳೋಕಾಗದೇ ಇದ್ರೆ ಇವಳೇ ಎಲ್ಲರಿಗಿಂತ ದಂಡ. ಈ ನಿಯಮ ನೀವು ಆಮೇಲಾದ್ರೂ ಹೊಡೆದುಹಾಕಬಾರದಿತ್ತಾ?”

ಹೊಡೆದುಹಾಕೋಣ ಎಂದು ನಾವೂ ಹಟ ಹಿಡಿದಿದ್ದೆವು, ಬೈಂಡಿಂಗ್ ಅಂಗಡಿಯಿಂದ ಮನೆಗೆ ಬರುವ ದಾರಿಯಲ್ಲೇ. ಗುಬ್ಬಿ ಅವಳ ಎಡಗೈ ಹಿಡಿದು ಜಗ್ಗುತ್ತಿದ್ದ. ನಾನು ಬಲಗೈ ಹಿಡಿದಿದ್ದೆ, ಮೆಲ್ಲಗೆ. ದೊಡ್ಡಮ್ಮ ನಡುಬೀದಿಯಲ್ಲಿ ನಿಂತು ನಮ್ಮಿಬ್ಬರನ್ನೂ ನೋಡಿದಳು.

“ಆ ನಿಯಮ ಇರ್ಲಿ ಬಿಡ್ರೋ,” ಎಂದಳು. “ಅದು ಇಲ್ಲದೇ ಇದ್ದಿದ್ರೆ ನನ್ನ ಆಟದಲ್ಲಿ ನಿಮಗೇನು ಕೆಲಸ ಇರ್ತಿತ್ತು?”